ಕಲ್ಲು ಶೆಡ್ಡಿನ ಹಾಡುಗಳು

ಕುಮಾರೇಶ್ ಹುಡುಕಿಕೊಂಡು ಬಂದಾಗ ಸುರೇಂದ್ರ ಹೊಲದಲ್ಲಿ ಟೊಮೆಟೊ ಬಿಡಿಸುತ್ತಿದ್ದ. ರಾಯಕೋಟೆ ದಾಟಿ ಕೃಷ್ಣಗಿರಿ ಕಡೆಗೆ ಸ್ವಲ್ಪ ದೂರ ಹೋದರೆ ಒಂದು ಮಣ್ಣಿನ ದಾರಿ ಒಡೆಯುತ್ತದೆ. ಆ ದಾರಿಯಲ್ಲಿ ಬೆಂಗಳೂರು ನಂಬರಿನ ಬಿಳಿ ಕಾರೊಂದು ಕುಲುಕಾಡುತ್ತ ಬಂದು ಪಂಪ್‌ಸೆಟ್ ಮನೆಯ ಹತ್ತಿರ ನಿಂತಿತು. ಇಳಿದವನ ಕೂದಲು ಭುಜದವರೆಗೆ ಇಳಿಬಿದ್ದಿತ್ತು, ಅರ್ಧಕ್ಕರ್ಧ ನರೆತಿತ್ತು. ಎಷ್ಟೋ ವರ್ಷ ನೋಡದಿದ್ದರೂ ಒಂದು ಕಡೆಗೆ ವಾಲುವ ನಡಿಗೆಯಿಂದಲೇ ಸುರೇಂದ್ರನಿಗೆ ಗುರುತು ಸಿಕ್ಕಿತು.

"ಏನ್ಲಾ, ಫೋನೇ ಎತ್ತಲ್ವಲ್ಲ ನೀನು," ಎಂದು ಕುಮಾರೇಶ್ ಬದುವಿನ ಮೇಲಿಂದಲೇ ಕೂಗಿದ. "ಮಂಡೀಲಿ ನಿನ್ ಹೆಸ್ರು ಹೇಳ್ಕಂಡು ಕೇಳ್ಕಂಡು ಬಂದೆ."

ಸುರೇಂದ್ರ ಕೈ ಎತ್ತಿದ. ಕತ್ತಿಗೆ ಸುತ್ತಿದ್ದ ಟವೆಲನ್ನು ಸರಿಮಾಡಿಕೊಂಡು, ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂರುವಂತೆ ತೋರಿಸಿದ.

ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಒಂದೇ ತಂಡದಲ್ಲಿದ್ದರು. ಹೊಸೂರಿನ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿದ್ದ ನಾಲ್ಕು ಜನ ಸೇರಿ ಕಟ್ಟಿದ ರಾಕ್ ತಂಡ. ಕುಮಾರೇಶನದು ಗಿಟಾರ್, ಜಗನ್‌ನದು ಬೇಸ್ ಗಿಟಾರ್, ವೆಂಕಿಯದು ಡ್ರಮ್ಸ್, ಹಾಡುವವನು ಸುರೇಂದ್ರ. ಊರಾಚೆ ಗ್ರಾನೈಟ್ ಕೊಯ್ಯುವ ಯೂನಿಟ್ಟೊಂದಿತ್ತು. ಅದರ ಯಜಮಾನ ಕೊಂಡಪ್ಪ ಹಿಂದುಗಡೆಯ ತಗಡಿನ ಶೆಡ್ಡನ್ನು ಭಾನುವಾರಗಳಿಗೆ ಬಿಟ್ಟುಕೊಟ್ಟಿದ್ದ. ಭಾನುವಾರವೂ ಕಲ್ಲಿನ ಗರಗಸ ನಿಲ್ಲುತ್ತಿರಲಿಲ್ಲ. ಆ ಸದ್ದಿನ ಪಕ್ಕದಲ್ಲಿ ಏನು ಬಾರಿಸಿದರೂ ಯಾರೂ ಗಲಾಟೆ ಅನ್ನುವಂತಿರಲಿಲ್ಲ. ಅದನ್ನು ಮೀರಿಸಬೇಕು ಎಂಬ ಹಟದಲ್ಲೇ ಅವರ ಹಾಡುಗಳು ಅಷ್ಟು ಬಿರುಸಾದವು. ಗರಗಸದ ಮೇಲೆ ತನ್ನ ದನಿ ಕೇಳಿಸುವಂತೆ ಸುರೇಂದ್ರ ಹೊಕ್ಕುಳಿಂದ ಉಸಿರೆಳೆದು ಕೂಗುವುದನ್ನು ಕಲಿತ. ತಂಡಕ್ಕೆ ಕರಿಬಂಡೆ ಎಂದು ಹೆಸರಿಟ್ಟವನೂ ಅವನೇ. ಶೆಡ್ಡಿನಲ್ಲಿ ಹಿಡಿದ ಹಾಡುಗಳ ಕ್ಯಾಸೆಟ್ಟುಗಳು ಆಗ ಸುತ್ತಲ ಹುಡುಗರ ಕೈಯಿಂದ ಕೈಗೆ ಓಡಾಡಿದವು.

ಆಮೇಲೆ ಒಂದು ಮೆಲ್ಲನೆಯ ಹಾಡು ಜನಕ್ಕೆ ಹಿಡಿಸಿತು. ಅದನ್ನು ಕುಮಾರೇಶ್ ಹಾಡಿದ್ದ. ಅಂಥದೇ ಇನ್ನೊಂದು ಬಂತು, ಇನ್ನೊಂದು ಬಂತು. ಜಗಳವೇನೂ ಆಗಲಿಲ್ಲ. ಒಂದು ಭಾನುವಾರ ಸುರೇಂದ್ರ ಶೆಡ್ಡಿಗೆ ಹೋದಾಗ ಬೀಗ ಹಾಕಿತ್ತು. ಅವರೆಲ್ಲ ಬೆಂಗಳೂರಿನ ಸ್ಟುಡಿಯೋಗೆ ಹೋಗಿದ್ದಾರೆ ಎಂದು ಕೊಂಡಪ್ಪನ ಆಳು ಹೇಳಿದ. ಸುರೇಂದ್ರ ಸ್ವಲ್ಪ ಹೊತ್ತು ಗರಗಸ ನೋಡುತ್ತ ನಿಂತಿದ್ದು ಬಸ್ ಹತ್ತಿದ. ಅವರೂ ಕರೆಯಲಿಲ್ಲ, ಇವನೂ ಕೇಳಲಿಲ್ಲ. ಈಗ ಕರಿಬಂಡೆಯ ಪ್ರೇಮಗೀತೆಗಳನ್ನು ಮದುವೆ ಮನೆಗಳಲ್ಲೂ ಹಾಕುತ್ತಾರೆ.

ಕುಮಾರೇಶ್ ಕ್ರೇಟಿನ ಮೇಲೆ ಕೂತು ಒಂದೇ ಉಸಿರಿಗೆ ಹೇಳತೊಡಗಿದ. "ಶೆಡ್ಡಿನ ಟೇಪೆಲ್ಲ ಸಿಕ್ಕವೆ ಕಣ್ಲಾ. ಜಗನ್ ಮನೆ ಅಟ್ಟದ ಮೇಲಿದ್ವು. ಬರೀ ಆ ಹಳೇ ಹಾಡುಗಳ್ನೇ ಸೇರಿಸಿ ಒಂದು ಆಲ್ಬಂ ಮಾಡಾಣ ಅಂತ ಕಂಪನಿಯೋರು ಬಂದವ್ರೆ. ದೊಡ್ಡ ಕರೀ ರೆಕಾರ್ಡು, ನಮ್ ತಾತಂದ್ರ ಕಾಲ್ದಲ್ಲಿತ್ತಲ್ಲ, ಅಂಥದ್ದು. ನಮ್ ಮೆತ್ತಗಿನ್ ಹಾಡು ಕೇಳಿ ಕೇಳಿ ಹುಡುಗ್ರಿಗೆ ಸಾಕಾಗದೆಯಂತೆ. ಅವಾಗ್ಲೇ ಚೆನ್ನಾಗಿತ್ತು ಅಂತವ್ರೆ. 'ಕಲ್ಲು ಶೆಡ್ಡಿನ ಹಾಡುಗಳು' ಅಂತ ಹೆಸರಿಟ್ಟಿದೀವಿ."

ಸುರೇಂದ್ರ ತಲೆಯಾಡಿಸಿದ.

"ಎರಡು ಹಾಡಲ್ಲಿ ಮಾತ್ರ ಟೇಪು ಬೂಷ್ಟು ಹಿಡಿದು ನಿನ್ ದನಿ ಹೋಗ್ಬುಟ್ಟದೆ. ಅದ್ರಲ್ಲೂ 'ನೀರ್ ಕೇಳ್ದೆ'. ಅದಿಲ್ದೆ ಆಲ್ಬಂ ಆಗಲ್ಲ. ನೀನು ಒಂದಿನ ಬಂದು ಆ ಎರಡು ಹಾಡ್ಬುಡು, ಸಾಕು. ಏನ್ಲಾ, ಬತ್ತೀಯಾ?"

ಸುರೇಂದ್ರ ಟವೆಲ್ ಬಿಚ್ಚಿದ. ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆಯ ತುಣುಕು. ಅವನು ಉಸಿರಾಡಿದಾಗ ಆ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬಂತು.

ಕುಮಾರೇಶ್ ಕ್ರೇಟಿನಿಂದ ಎದ್ದು ಹತ್ತಿರ ಬಂದ.

"ಯಾವಾಗ್ಲಾ?"

ಸುರೇಂದ್ರ ಮೂರು ಬೆರಳು ತೋರಿಸಿದ. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಹಾಗೆ ಕೂಗಿ ಕೂಗಿಯೇ ಇದು ಬಂತೆಂದು ಊರವರು ಅಂದರು, ಡಾಕ್ಟರು ಅಲ್ಲವೆಂದರು. ಕತ್ತಿಗೊತ್ತಿ ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ತೋರಿಸಿದ್ದರು. ಅದರ ದನಿ ಸುರೇಂದ್ರನಿಗೆ ಒಗ್ಗಲಿಲ್ಲ. ತುಟಿಯಾಡಿಸುವುದು, ಸನ್ನೆ, ಫೋನಿನಲ್ಲಿ ಬರೆದು ತೋರಿಸುವುದು, ಇಷ್ಟರಲ್ಲೇ ದಿನ ಕಳೆಯುತ್ತಿದ್ದ.

"ನಮ್ಗೊಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದ ಕುಮಾರೇಶ್.

ಸುರೇಂದ್ರ ಸಾಲಿಗೆ ಹೋಗಿ ಮತ್ತೆ ಟೊಮೆಟೊ ಬಿಡಿಸತೊಡಗಿದ. ಕುಮಾರೇಶ್ ಅಂಗಿಯ ತೋಳು ಮಡಿಸಿಕೊಂಡು ಪಕ್ಕದ ಸಾಲಿನಲ್ಲಿ ತಾನೂ ಬಿಡಿಸಿದ. ಹಣ್ಣು, ಕಾಯಿ ಎಲ್ಲ ಒಟ್ಟಿಗೆ ಕಿತ್ತು ಕ್ರೇಟಿಗೆ ಹಾಕುತ್ತಿದ್ದ. ಸುರೇಂದ್ರ ಸುಮ್ಮನೆ ಕಾಯಿಗಳನ್ನು ಆರಿಸಿ ಬೇರೆ ಇಟ್ಟ.

"ಆ ಎರಡು ಬಿಟ್ಬುಡಾಣ ಬಿಡು," ಎಂದ ಕುಮಾರೇಶ್ ಕೊನೆಗೆ.

ಸುರೇಂದ್ರ ಕೈ ಒರೆಸಿಕೊಂಡು ಫೋನಿನಲ್ಲಿ ಬರೆದು ತೋರಿಸಿದ. "ಬೇರೆಯೋರ ಕೈಲಿ ಹಾಡ್ಸು."

ಮುಂದಿನ ವಾರ ಹಾಡುಗಳು ಫೋನಿಗೆ ಬಂದವು. ಟೇಪಿನಲ್ಲಿದ್ದದ್ದನ್ನೆಲ್ಲ ಹಾಗೇ ಕಳಿಸುತ್ತಿದ್ದೇನೆ, ಯಾವುದು ಬೇಕು ಯಾವುದು ಬೇಡ ಹೇಳು ಎಂದು ಕುಮಾರೇಶ್ ಬರೆದಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಶಶಿಕಲಾ ಹೊಸೂರಿನ ಎಲೆಕ್ಟ್ರಾನಿಕ್ಸ್ ಕಂಪನಿಗೆ ಹೋಗಿದ್ದಳು. ಬೆಳಿಗ್ಗೆ ಕಂಪನಿ ಬಸ್ಸಿಗೆ ಹೋದರೆ ಅವಳು ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಚಂದ್ರಲೇಖಾ ಕೃಷ್ಣಗಿರಿಯ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಸುರೇಂದ್ರ ಪಂಪ್‌ಸೆಟ್ ಮನೆಯೊಳಗೆ ಗೊಬ್ಬರದ ಚೀಲದ ಮೇಲೆ ಕೂತು ಮೊದಲನೆಯ ಹಾಡು ಹಾಕಿದ.

ಗಿಟಾರ್ ಗುರುತಾಯಿತು, ಡ್ರಮ್ಸ್ ಗುರುತಾಯಿತು. ದನಿ ಬಂದಾಗ ಮಾತ್ರ ಇದು ಯಾರದೋ ಅನ್ನಿಸಿತು. ಇಷ್ಟು ಕೋಪ ಯಾರ ಮೇಲೆ ಇತ್ತು ಎಂದು ನೆನೆಸಿಕೊಳ್ಳಲು ನೋಡಿದ. ಯಾರ ಮೇಲೂ ಇರಲಿಲ್ಲ. ಆಗ ಅವನು ಸುಖವಾಗಿಯೇ ಇದ್ದ. ಎರಡನೇ ಹಾಡಿನ ಹೊತ್ತಿಗೆ ಹಾಡುವವನು ಉಸಿರೆಳೆದ ಕಡೆಯೆಲ್ಲ ತನ್ನ ಎದೆಯೂ ಉಬ್ಬುತ್ತಿರುವುದು ಗಮನಕ್ಕೆ ಬಂತು. ಹಾಡು ಮುಗಿದಾಗ ಓಡಿ ಬಂದವನ ಹಾಗೆ ಏದುತ್ತಿದ್ದ. ಕತ್ತಿನ ಬಟ್ಟೆ ಒದ್ದೆಯಾಗಿತ್ತು.

ನಾಲ್ಕನೇ ಹಾಡು ಶುರುವಾಗುವ ಮೊದಲು ಸ್ವಲ್ಪ ಮಾತಿತ್ತು. "ಲೋ ವೆಂಕಿ, ಕಡ್ಲೆಕಾಯಿ ಆಮೇಲ್ ತಿನ್ಲಾ. ಕೋಲು ಹಿಡ್ಕ ಮೊದ್ಲು." ಆಮೇಲೆ ಒಂದು ನಗು. ಅದು ಸುರೇಂದ್ರ ಮಾತಾಡಿದ್ದು, ಸುರೇಂದ್ರ ನಕ್ಕದ್ದು. ಅವನು ಹಾಡನ್ನು ಮುಂದಕ್ಕೆ ಹೋಗಲು ಬಿಡದೆ ಅಷ್ಟನ್ನೇ ಮತ್ತೆ ಹಾಕಿದ. ಮತ್ತೆ ಹಾಕಿದ. ಕೂಗಿನ ದನಿ ಬೇಕಾದಷ್ಟಿತ್ತು. ಹೀಗೆ ಸುಮ್ಮನೆ, ಯಾರಿಗೋ ಏನೋ ಹೇಳಿದ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಸಂಜೆ ಶಶಿಕಲಾ ಬಂದು ಕಾಲು ತೊಳೆದುಕೊಂಡು ಕೂತಾಗ ಫೋನನ್ನು ಅವಳ ಮುಂದಿಟ್ಟು ಅದನ್ನು ಕೇಳಿಸಿದ. ಅವಳು ಕೂದಲಿನ ಕ್ಲಿಪ್ಪು ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ನಗು ಮುಗಿಯುವ ತನಕ ಕೇಳಿದಳು. ಸುರೇಂದ್ರ ಮತ್ತೊಮ್ಮೆ ಹಾಕಲು ಬೆರಳಿಟ್ಟ.

"ಬ್ಯಾಡ," ಎಂದಳು. "ಈಗ್ತಾನೆ ಅಭ್ಯಾಸ ಆಗದೆ ನನ್ಗೆ. ಮತ್ತೆ ಅದ್ನ ಕೇಳುಸ್ಬೇಡ."

ಅವಳು ಎದ್ದು ಒಳಗೆ ಹೋದಳು. ಅವಳ ಮೇಲೆ ಸಿಟ್ಟೇನೂ ಬರಲಿಲ್ಲ ಅವನಿಗೆ. ಆದರೆ ಆಮೇಲೆ ಅವನು ಆ ಹಾಡುಗಳನ್ನು ಪಂಪ್‌ಸೆಟ್ ಮನೆಯಲ್ಲಿ ಬಿಟ್ಟು ಬೇರೆಲ್ಲೂ ಕೇಳಲಿಲ್ಲ.

ಆಲ್ಬಂ ಬಿಡುಗಡೆಯನ್ನು ಹೊಸೂರಿನಲ್ಲೇ ಇಟ್ಟುಕೊಂಡಿದ್ದರು. ಒಂದು ಭಾನುವಾರ, ಬಸ್ ನಿಲ್ದಾಣಕ್ಕೆ ಹತ್ತಿರದ ಕಲ್ಯಾಣ ಮಂಟಪದಲ್ಲಿ. ಹಿಂದಿನ ಬಾಗಿಲಿಂದ ಬಾ, ಮುಂದಿನ ಸಾಲಿನಲ್ಲಿ ಕೂರು ಎಂದು ಕುಮಾರೇಶ್ ಬರೆದಿದ್ದ. ಬರುತ್ತೇನೆ, ಆದರೆ ಸ್ಟೇಜಿಗೆ ಕರೆಯಬೇಡ ಎಂದು ಸುರೇಂದ್ರ ಬರೆದ. ಆಗಲಿ ಎಂದು ಕುಮಾರೇಶ್ ಒಪ್ಪಿಕೊಂಡ. ಶಶಿಕಲಾಗೆ ಆ ಭಾನುವಾರ ಕಂಪನಿಯಲ್ಲಿ ಓವರ್‌ಟೈಮ್ ಇತ್ತು. ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟು ಹೋಗಿದ್ದಳು.

ಅವನು ಬೇಕೆಂದೇ ತಡಮಾಡಿ ಹೋಗಿ ಎಲ್ಲರೂ ಹೋಗುವ ಬಾಗಿಲಿನಿಂದಲೇ ಒಳಹೊಕ್ಕ. "ಉಳ್ಳೆ ಪೋಂಗಣ್ಣಾ, ಪಿನ್ನಾಡಿ ಇಡಂ ಇರುಕ್ಕು," ಎಂದು ಬಾಗಿಲಲ್ಲಿದ್ದವನು ತಮಿಳಿನಲ್ಲಿ ಹೇಳಿ, ಜಾಗವಿದ್ದ ಹಿಂದಿನ ಸಾಲಿನ ಕಡೆ ಕೈ ತೋರಿಸಿದ. ವೇದಿಕೆಯ ಮೇಲೆ ಶೆಡ್ಡಿನ ಕಾಲದ ಫೋಟೋವೊಂದನ್ನು ಗೋಡೆಯಷ್ಟು ದೊಡ್ಡದಾಗಿ ಹಾಕಿದ್ದರು. ಅದರಲ್ಲಿ ಸುರೇಂದ್ರನ ಮುಖದ ಅರ್ಧಕ್ಕೆ ಕೂದಲು ಬಿದ್ದಿತ್ತು, ಉಳಿದರ್ಧಕ್ಕೆ ಮೈಕು ಅಡ್ಡ ಬಂದಿತ್ತು.

ಪಕ್ಕದ ಕುರ್ಚಿಯಲ್ಲಿದ್ದವನಿಗೆ ಮೂವತ್ತೈದರ ಆಸುಪಾಸು. "ಒಬ್ರೇ ಬಂದ್ರಾ ಅಣ್ಣ?" ಎಂದು ಕೇಳಿದ. ಸುರೇಂದ್ರ ತಲೆಯಾಡಿಸಿದ. "ನಾನೂ ಒಬ್ನೇ. ನಮ್ಮೋರ್ಗೆ ಯಾರ್ಗೂ ಈ ಸದ್ದು ಆಗಲ್ಲ," ಎಂದು ಅವನು ನಕ್ಕ. ತನ್ನ ಹೆಸರು ಮುನಿಕೃಷ್ಣ, ಊರು ಬೇರಿಕೆ, ಇಲ್ಲೇ ಗಾಡಿ ಪಾರ್ಟ್ಸ್ ಮಾಡುವ ಕಂಪನಿಯಲ್ಲಿದ್ದೇನೆ, ಇವತ್ತು ಶಿಫ್ಟ್ ಬದಲಾಯಿಸಿಕೊಂಡು ಬಂದೆ ಎಂದೆಲ್ಲ ಹೇಳಿದ. ಸ್ಕೂಲಿನಲ್ಲಿದ್ದಾಗ ಅವನ ಅಣ್ಣ ಒಂದು ಕ್ಯಾಸೆಟ್ ತಂದಿದ್ದನಂತೆ. ಅಪ್ಪ ಅದನ್ನು ಕಿತ್ತು ಬೇಲಿಗೆ ಎಸೆದಿದ್ದರಂತೆ, ಇವನು ಹುಡುಕಿ ತಂದು ಮತ್ತೆ ಕೇಳಿದ್ದನಂತೆ.

"ಹಾಡ್ತಿದ್ದೋನು ಸುರೇಂದ್ರ ಅಂತ," ಎಂದು ಮುನಿಕೃಷ್ಣ ಫೋಟೋದ ಕಡೆ ಗಲ್ಲ ಎತ್ತಿದ. "ಸತ್ತೋದ್ನಂತೆ ಪಾಪ. ಲಾರಿ ಗುದ್ತು ಅಂತಾರೆ, ಏನೋ ಕಾಯ್ಲೆ ಅಂತಾರೆ. ಯಾರ್ಗೂ ಸರಿಯಾಗಿ ಗೊತ್ತಿಲ್ಲ. ಅದ್ಕೇ ಇವತ್ತು ಬೇರೆ ಹುಡುಗ ಹಾಡೋದು."

ಸುರೇಂದ್ರ ಇಲ್ಲವೆಂದು ತಲೆಯಾಡಿಸಿದ.

"ಹೂಂ ಅಣ್ಣ, ಅನ್ಯಾಯ," ಎಂದು ಮುನಿಕೃಷ್ಣನೂ ತಲೆಯಾಡಿಸಿದ.

ಸುರೇಂದ್ರ ಫೋನು ತೆಗೆದು "ನಾನು" ಎಂದು ಬರೆಯುವಷ್ಟರಲ್ಲಿ ದೀಪ ಆರಿತು, ಗಿಟಾರ್ ಅಪ್ಪಳಿಸಿತು. ಎಲ್ಲರೂ ಎದ್ದು ನಿಂತರು. ಅವನೂ ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದ.

ಹಾಡುವ ಹುಡುಗನ ಹೆಸರು ನರೇಶ್ ಎಂದು ಕುಮಾರೇಶ್ ವೇದಿಕೆಯ ಮೇಲಿಂದ ಮೈಕಿನಲ್ಲಿ ಹೇಳಿದ. ಸಣಕಲು ಹುಡುಗ, ಇಷ್ಟು ದನಿ ಎಲ್ಲಿಂದ ಬರುತ್ತದೋ ಅನ್ನುವಂತೆ ಹಾಡಿದ. ಸುರೇಂದ್ರ ತಪ್ಪು ಹುಡುಕುತ್ತ ಕೇಳಿದ. ಒಂದು ಕಡೆಯಾದರೂ ಉಸಿರು ಸಾಲದೆ ಹೋಗುತ್ತದೆ, ಒಂದು ಕಡೆಯಾದರೂ ಗಂಟಲು ಒಡೆಯುತ್ತದೆ ಎಂದು ಕಾದ. ಎಲ್ಲೂ ಒಡೆಯಲಿಲ್ಲ. ಆಮೇಲೆ ಹುಡುಕುವುದನ್ನು ಬಿಟ್ಟ. ನೆಲದ ಅದುರು ಅಂಗಾಲಿನಿಂದ ಮಂಡಿಗೆ, ಮಂಡಿಯಿಂದ ಎದೆಗೆ ಹತ್ತುತ್ತಿತ್ತು.

'ನೀರ್ ಕೇಳ್ದೆ' ಶುರುವಾದಾಗ ಮಂಟಪದ ತುಂಬ ಕೂಗೆದ್ದಿತು. ನರೇಶ್ ಮೈಕನ್ನು ಜನರ ಕಡೆ ಹಿಡಿದ. "ನೀರ್ ಕೇಳ್ದೆ, ಉಪ್ಪು ಕೊಟ್ಟೆ" ಎಂದು ಅಷ್ಟೂ ಜನ ಒಟ್ಟಿಗೆ ಕೂಗಿದರು. ಸುರೇಂದ್ರ ಬೆಚ್ಚಿದ. ಅವನು ಬರೆದದ್ದು ಉಪ್ಪಲ್ಲ. ಕಲ್ಲಿನ ಯೂನಿಟ್ಟಿನಲ್ಲಿ ಆಂಧ್ರದ ಕಡೆಯ ಕೆಲಸಗಾರರಿದ್ದರು. ಅವರ ಬಾಯಿಂದ ಬೆಂಕಿಗೆ ನಿಪ್ಪು ಅನ್ನುವುದನ್ನು ಕೇಳಿ, ಅದು ಇಷ್ಟವಾಗಿ "ನೀರ್ ಕೇಳ್ದೆ, ನಿಪ್ಪು ಕೊಟ್ಟೆ" ಎಂದು ಕಟ್ಟಿದ್ದ. ಗರಗಸದ ಸದ್ದಿನಲ್ಲಿ, ಕೆಟ್ಟ ಟೇಪಿನಲ್ಲಿ ಅದು ಉಪ್ಪಾಗಿ ಕೇಳಿಸಿ ಉಪ್ಪಾಗಿಯೇ ಉಳಿದುಬಿಟ್ಟಿತ್ತು. ಅವನ ತುಟಿಗಳು ತಾವಾಗಿ ಸರಿಯಾದ ಪದವನ್ನು ಹೇಳುತ್ತಿದ್ದವು. ಮುನಿಕೃಷ್ಣ ಅವನ ಹೆಗಲ ಮೇಲೆ ಕೈ ಹಾಕಿ ಕುಣಿಯುತ್ತ ಉಪ್ಪು, ಉಪ್ಪು ಎಂದು ಕೂಗುತ್ತಿದ್ದ. ವೇದಿಕೆಯ ದೀಪ ಈ ಕಡೆ ತಿರುಗಿದಾಗಲೆಲ್ಲ ಅವನು ಸುರೇಂದ್ರನ ಮುಖ ನೋಡುತ್ತಿದ್ದ.

ಹಾಡು ಮುಗಿದ ಮೇಲೆ ಕುಮಾರೇಶ್ ಮೈಕಿನ ಮುಂದೆ ಬಂದ. ಅವನ ಮುಖವೆಲ್ಲ ಬೆವತಿತ್ತು, ಕಣ್ಣು ತುಂಬಿತ್ತು. ಕೊಟ್ಟ ಮಾತನ್ನು ಮುರಿಯಬೇಕು ಅಂತೇನೂ ಅವನಿಗೆ ಇರಲಿಲ್ಲ, ಆ ಹೊತ್ತಿನಲ್ಲಿ ಮರೆತ ಅಷ್ಟೆ.

"ಈ ಹಾಡು ಬರೆದೋನು, ಹಾಡ್ದೋನು, ನಮ್ ಸುರೇಂದ್ರ," ಎಂದ. "ಅವ್ನು ಸತ್ತೋದ ಅಂತ ಯಾರೋ ಸುದ್ದಿ ಮಾಡವ್ರೆ. ಸುಳ್ಳು ಅದು. ಇವತ್ತು ಇಲ್ಲೇ ಎಲ್ಲೋ ಕೂತವ್ನೆ. ಲೋ ಸುರೇಂದ್ರ, ಒಂದ್ಸಲ ಎದ್ದು ನಿಂತ್ಕಳ್ಲಾ. ಲೈಟ್ ಹಾಕ್ರಪ್ಪ."

ದೀಪಗಳು ಹತ್ತಿದವು. ನಿಂತಿದ್ದವರೆಲ್ಲ ಕೂತು, ಯಾರು ಏಳುತ್ತಾರೆ ಎಂದು ಅತ್ತ ಇತ್ತ ಕತ್ತು ಹೊರಳಿಸಿದರು. ಮುನಿಕೃಷ್ಣನೂ ಕೂತಲ್ಲೇ ಕತ್ತು ಉದ್ದ ಮಾಡಿ ಮುಂದಿನ ಸಾಲುಗಳನ್ನು ಹುಡುಕಿದ. ಎದ್ದರೆ ಚಪ್ಪಾಳೆ ಹೊಡೆಯುತ್ತಾರೆ, ಚಪ್ಪಾಳೆ ನಿಂತ ಮೇಲೆ ಎರಡು ಮಾತಾಡು ಅನ್ನುತ್ತಾರೆ. ಸುರೇಂದ್ರನೂ ಎಲ್ಲರ ಹಾಗೆ ತಿರುಗಿ ಹಿಂದೆ ನೋಡಿದ. ಹಿಂದೆ ಗೋಡೆಗೆ ಒತ್ತಿ ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳಿದ್ದವು.

"ಬಂದಿಲ್ವೇನೋ," ಎಂದ ಕುಮಾರೇಶ್. ದೀಪ ಮತ್ತೆ ಆರಿದ ಕೂಡಲೇ ಸುರೇಂದ್ರ ಎದ್ದು ಹೊರಗೆ ಬಂದ.

ಮಂಟಪದ ಗೇಟಿನಾಚೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ಸನ್ನೆ ಮಾಡಿ ಟೀ ತರಿಸಿಕೊಳ್ಳುವಷ್ಟರಲ್ಲಿ ಮುನಿಕೃಷ್ಣನೂ ಬಂದ.

"ಅಣ್ಣ, ನೀವು ಉಪ್ಪು ಅಂತ ಹಾಡ್ತಿರ್ಲಿಲ್ಲ. ನಿಮ್ ಬಾಯಿ ನೋಡ್ದೆ ನಾನು. ಬೇರೇನೋ ಅಂತಿದ್ರಿ."

ಸುರೇಂದ್ರ ಫೋನಿನಲ್ಲಿ ಬರೆದು ತೋರಿಸಿದ.

"ನಿಪ್ಪು? ತೆಲುಗು ನಿಪ್ಪಾ, ಬೆಂಕಿ?" ಮುನಿಕೃಷ್ಣ ಬೆಂಚಿನ ಮೇಲೆ ಕೂತ. "ಇಪ್ಪತ್ತು ವರ್ಷದಿಂದ ಉಪ್ಪು ಉಪ್ಪು ಅಂತ ಕಿರುಚ್ತಾ ಇದೀವಲ್ಲಣ್ಣ." ಆಮೇಲೆ ಯೋಚನೆ ಮಾಡಿ, "ಬೇಜಾರ್ ಮಾಡ್ಕಬೇಡಿ, ಉಪ್ಪೇ ಚೆಂದಾಗದೆ," ಎಂದ.

ಸುರೇಂದ್ರ ನಕ್ಕ. ಸದ್ದು ಬರಲಿಲ್ಲ. ಕತ್ತಿನ ಬಟ್ಟೆ ಮಾತ್ರ ನಾಲ್ಕಾರು ಸಲ ಮೇಲೆದ್ದು ಕೂತಿತು. ಮುನಿಕೃಷ್ಣನ ಕಣ್ಣು ಅಲ್ಲಿಗೆ ಹೋಯಿತು. ಅವನು ಆ ಬಟ್ಟೆಯನ್ನು ನೋಡಿದ, ಮುಖವನ್ನು ನೋಡಿದ.

"ಸುರೇಂದ್ರಣ್ಣ ನೀವೇನಾ?"

ಸುರೇಂದ್ರ ತಲೆಯಾಡಿಸಿದ.

"ನಿಮ್ ಮುಂದೆನೇ ಸತ್ತೋದ್ರು ಅಂದ್ಬುಟ್ನಲ್ಲ ನಾನು." ಮುನಿಕೃಷ್ಣ ಫೋಟೋ ತೆಗೆಯಲೆಂದು ಫೋನು ಹೊರತೆಗೆದವನು ಏನನ್ನಿಸಿತೋ ಮತ್ತೆ ಜೇಬಿಗೆ ಹಾಕಿಕೊಂಡ. "ಒಳಿಕ್ಕೆ ಹೋಗಾಣ ಬನ್ನಿ ಅಣ್ಣ. ಅವ್ರೆಲ್ಲ ನಿಮ್ಮನ್ನ ನೋಡ್ಲಿ."

ಸುರೇಂದ್ರ ಬೇಡವೆಂದು ತಲೆಯಾಡಿಸಿದ.

"ಯಾಕಣ್ಣ?"

ಅದು ತಲೆಯಾಡಿಸಿ ಹೇಳುವಂಥದ್ದಲ್ಲ. ಸುರೇಂದ್ರ ಫೋನು ಹಿಡಿದು ಕೂತ. ಒಳಗೆ ಐದನೆಯದೋ ಆರನೆಯದೋ ಹಾಡು ಶುರುವಾಯಿತು. ಮುನಿಕೃಷ್ಣ ಟೀ ಕುಡಿಯುತ್ತಿದ್ದರೂ ಅವನ ಕಾಲು ಆ ಹೊಡೆತಕ್ಕೆ ನೆಲ ತಟ್ಟುತ್ತಿತ್ತು, ಕಿವಿ ಒಳಗಿತ್ತು. ಸುರೇಂದ್ರ ಅದನ್ನು ನೋಡಿ, ನೀನು ಹೋಗು ಎಂದು ಕೈಯಲ್ಲೇ ತೋರಿಸಿದ.

"ಇದೊಂದ್ ಹಾಡು ಕೇಳ್ಕಂಡು ಬಂದ್ಬುಡ್ತೀನಿ ಅಣ್ಣ. ಎಲ್ಲೂ ಹೋಗ್ಬೇಡಿ." ಅವನು ಲೋಟ ಇಟ್ಟು ಅರ್ಧ ಓಡುತ್ತ ಒಳಗೆ ಹೋದ. ಅದು ಎಲ್ಲಕ್ಕಿಂತ ಬಿರುಸಾದ ಹಾಡು, ಸುರೇಂದ್ರನಿಗೂ ಅದೇ ಹೆಚ್ಚು ಇಷ್ಟವಾಗಿತ್ತು. ಆ ಹಾಡಾದ ಮೇಲೆ ಇನ್ನೊಂದು ಶುರುವಾಯಿತು. ಮುನಿಕೃಷ್ಣ ಬರಲಿಲ್ಲ. ಸುರೇಂದ್ರ ಅದನ್ನೂ ಬೆಂಚಿನ ಮೇಲಿಂದಲೇ ಪೂರ್ತಿ ಕೇಳಿ ಬಸ್ ನಿಲ್ದಾಣದ ಕಡೆ ನಡೆದ.

ಮನೆಗೆ ಬಂದಾಗ ಶಶಿಕಲಾ ಮುದ್ದೆ ತೊಳಸುತ್ತಿದ್ದಳು. "ಹೆಂಗಿತ್ತು?" ಎಂದು ಒಳಗಿಂದಲೇ ಕೇಳಿದಳು. ಉತ್ತರ ಕೊಡಬೇಕಾದರೆ ಅವಳ ಎದುರಿಗೆ ಹೋಗಿ ನಿಲ್ಲಬೇಕು. ಅವನು ಅಡಿಗೆ ಮನೆಯ ಬಾಗಿಲಿಗೆ ಹೋಗಿ ನಿಂತ. ಅವಳು ತಿರುಗಿ ನೋಡಿದಾಗ, ಚೆನ್ನಾಗಿತ್ತು ಎಂದು ತುಟಿಯಾಡಿಸಿದ.

"ಲೇಖಾ ಫೋನ್ ಮಾಡಿದ್ಲು. ಅಪ್ಪನ್ ಹಾಡು ಹಾಕಿದ್ರಾ, ಜನ ಏನಂದ್ರು ಅಂತ ಕೇಳಿದ್ಲು. ನನ್ಗೇನ್ ಗೊತ್ತು, ಅಪ್ಪನ್ನೇ ಕೇಳ್ಕ ಅಂದೆ," ಎಂದಳು ಶಶಿಕಲಾ.

ಮಗಳು ಫೋನ್ ಮಾಡುತ್ತಿದ್ದುದು ತಾಯಿಗೆ. ಅಪ್ಪನಿಗೆ ಊಟ ಆಯ್ತಾ ಎಂದು ಮೆಸೇಜು ಹಾಕುತ್ತಿದ್ದಳು, ಅವನು ಆಯ್ತು ಅನ್ನುತ್ತಿದ್ದ. ಮೂರು ವರ್ಷದಿಂದ ಅಷ್ಟೇ ನಡೆದಿತ್ತು. ಸುರೇಂದ್ರ ಜಗಲಿಯ ಮೇಲೆ ಕೂತು ಬರೆಯತೊಡಗಿದ. ನಿಪ್ಪು ಉಪ್ಪಾಗಿದ್ದನ್ನು ಬರೆದ. ಪಕ್ಕದಲ್ಲಿದ್ದವನು ತನ್ನನ್ನು ತನ್ನೆದುರೇ ಸಾಯಿಸಿದ್ದನ್ನು ಬರೆದ. ಕುಮಾರೇಶ್ ಕರೆದಾಗ ಎದ್ದು ನಿಲ್ಲದೆ ಹಿಂದೆ ತಿರುಗಿ ಗೋಡೆ ನೋಡಿದ್ದನ್ನೂ ಬರೆದ. ಇಷ್ಟುದ್ದ ಅವನು ಯಾವತ್ತೂ ಬರೆದಿರಲಿಲ್ಲ. ಕಳಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದ.

ಮೊದಲು ನಗುವ ಮುಖಗಳು ಬಂದವು. ಅದು ಉಪ್ಪಿಗೆ. ಆಮೇಲೆ ಇದು ಬಂತು.

"ನಾನು ಪಕ್ಕದಲ್ಲಿ ಕೂತಿದ್ದಿದ್ರೆ ಎದ್ದು ನಿಂತ್ಕೋತಿದ್ಯಾ ಅಪ್ಪ?"

ಇಲ್ಲ ಎಂದು ಬರೆದು ಅಳಿಸಿದ. ಹೂಂ ಎಂದು ಬರೆದು ಅದನ್ನೂ ಅಳಿಸಿದ. ಒಳಗಿಂದ ಶಶಿಕಲಾ ಮುದ್ದೆ ತಣ್ಣಗಾಗ್ತದೆ ಎಂದು ಕರೆದಳು.

"ಗೊತ್ತಿಲ್ಲ ಕಣಮ್ಮ," ಎಂದು ಬರೆದ. ಸ್ವಲ್ಪ ತಡೆದು, "ನಿಂತ್ಕೋತಿದ್ನೇನೋ," ಎಂದು ಸೇರಿಸಿ ಕಳಿಸಿ, ಊಟಕ್ಕೆ ಎದ್ದ.